ಇಪ್ಪತ್ತೊಂದನೆಯ ಲಾರಿ

ಬೆಟಗೇರಿಯ ಹಾಸಿನ ಓಣಿಯಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಏಷ್ಯಾ ಖಂಡದಲ್ಲಿ ನಾನು ಪಂಕ್ಚರ್ ತೆಗೆಯದ ಸೈಕಲ್ ಒಂದೂ ಉಳಿದಿರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಇಡೀ ಮುಂಬೈ ಪ್ರಾಂತಕ್ಕೆ ನಾನೇ ಮೊದಲಿಗ. ನನ್ನ ಪೇಪರು ತಿದ್ದಿದ ಮಾಸ್ತರರು ಅಂಕ ಕೊಟ್ಟದ್ದು ಸಾಲದೆಂದು ತಮ್ಮ ಪೆನ್ನನ್ನೇ ಟಪಾಲಿನಲ್ಲಿ ಕಳಿಸಿದ್ದರು. ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಕಸ್ತೂರೆವ್ವ ಎದ್ದು ಒಳಗೆ ಹೋಗುತ್ತಾಳೆ. ಹೋಗಲಿ. ನಾನು ಹೇಳಬೇಕಾದ್ದು ಹೊಗೆಯ ಸಂಗತಿ. ಹೇಳಲು ಮೊದಲಿನ ಉಮೇದು ಮಾತ್ರ ಇಲ್ಲ. ಒಂದೇ ಬೆಂಚಿನ ಮೇಲೆ ಕುಳಿತು ಎರಡೂವರೆ ವರ್ಷ ಒಂದೇ ಮಾತು ಹೇಳಿ ಹೇಳಿ ನನ್ನಂಥವನ ನಾಲಿಗೆಯೂ ಹಳೆಯ ಟಾಯರಿನಂತೆ ಸವೆದುಹೋಗಿದೆ.

ಹಾಸಿನ ಓಣಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದೆಳೆಗಳನ್ನು, ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಮನೆಯೊಳಗೆ ಅಷ್ಟು ಉದ್ದ ಜಾಗ ಯಾರಿಗಿದೆ? ಅದಕ್ಕೇ ಬೆಳಗಾದರೆ ಓಣಿಯೇ ಮಗ್ಗದ ಮನೆಯಾಗುತ್ತಿತ್ತು. ಕತ್ತರಿಯಂತೆ ನಿಲ್ಲಿಸಿದ ಕಟ್ಟಿಗೆಗಳ ಮೇಲೆ ನಲವತ್ತು ಮೊಳದ ನೂಲು ತೂಗುತ್ತಿದ್ದರೆ, ಎಮ್ಮೆಗಳು ಕೂಡ ಬಗ್ಗಿ ದಾಟಿ ಹೋಗುತ್ತಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ.

ಈ ಕೆಲಸದಲ್ಲಿ ಹಾಜಿರಾಬಿಯನ್ನು ಮೀರಿಸುವವರಿರಲಿಲ್ಲ. ಇದು ನಾನು ಉಬ್ಬಿಸಿ ಹೇಳುವ ಮಾತಲ್ಲ. ಬೇಕಾದರೆ ಯಾರನ್ನಾದರೂ ಕೇಳಿ. ನನ್ನ ಎದುರು ಮನೆಯವಳು, ಐವತ್ತೈದು ದಾಟಿದ ವಿಧವೆ. ಬಿಳಿ ಧೋತರದ ಹಾಸು ಎಂದರೆ ನೇಕಾರರು ಅವಳ ಕೈಗೇ ಕೊಡುತ್ತಿದ್ದರು. ಒಬ್ಬಳೇ ಮಗಳು ನಜಮಾಳನ್ನು ಅಂತೂರ ಬೆಂತೂರ ಎಂಬ ಹಳ್ಳಿಗೆ ಕೊಟ್ಟಿದ್ದಳು. ತನ್ನ ಹೊಟ್ಟೆಗೆ ತಾನು ದುಡಿಯುತ್ತಿದ್ದಳು.

೧೯೭೯ರ ಮಳೆಗೆ ಹತ್ತಿ ಪೇಟೆಯ ದಾರಿಯ ಪೂಲು, ಹಳ್ಳದ ಮೇಲಿನ ಸಣ್ಣ ಸೇತುವೆ, ಕುಸಿಯಿತು. ಮುಂಡರಗಿಯ ಹತ್ತಿ, ಲಕ್ಷ್ಮೇಶ್ವರದ ಶೇಂಗಾ, ಶಿರಹಟ್ಟಿಯ ಜೋಳ, ಎಲ್ಲವನ್ನೂ ಹೊತ್ತ ಲಾರಿಗಳನ್ನು ನಮ್ಮ ಓಣಿಗೆ ತಿರುಗಿಸಿದರು. ತಿರುಗಿಸಿದ್ದು ಊರ ಹಿರಿಯರ ರಸ್ತೆ ಕಮಿಟಿ. ಅದರ ಅಧ್ಯಕ್ಷರು ಕೊಟ್ರಪ್ಪನವರು. ಅಂದು ಅವರೇ ಖುದ್ದು ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು.

"ಹದಿನೈದ ದಿನದ ಮಾತರೀ. ದಿನಕ್ಕ ಇಪ್ಪತ್ತ ಲಾರಿ, ಅದಕ್ಕಿಂತ ಒಂದೂ ಹೆಚ್ಚಿಗಿ ಬಿಡಂಗಿಲ್ಲ. ಹಂಗಂತ ಠರಾವ ಮಾಡೀವಿ. ಇಪ್ಪತ್ತೊಂದನೇದು ಬಂತಂದ್ರ ಸೀದಾ ಬಂದು ನನ್ನ ಧೋತರದ ಚುಂಗ ಹಿಡೀರಿ!"

ಅವರು ಧೋತರದ ತುದಿ ಎತ್ತಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ಆ ಸದ್ದು ಕಳಸಾಪುರದ ತನಕ ಕೇಳಿಸಿತಂತೆ.

ಹದಿನೈದು ದಿನ ಹೋಯಿತು. ಹದಿನೈದು ವಾರವೂ ಹೋಯಿತು. ಪೂಲು ಬಿದ್ದಲ್ಲೇ ಬಿದ್ದಿತ್ತು.

ನನ್ನ ಅಂಗಡಿಯ ಮುಂದೆಯೇ ಓಣಿಗೆ ಏರು. ಹೇರು ತುಂಬಿದ ಲಾರಿ ಅಲ್ಲಿಗೆ ಬಂದು ಗೇರು ಬದಲಿಸಿದರೆ ಹಿಂದಿನಿಂದ ಕರಿ ಹೊಗೆ ಕಂಬಳಿ ಬಿಚ್ಚಿ ಒಗೆದಂತೆ ಬೀಳುತ್ತಿತ್ತು. ನಮ್ಮ ಓಣಿಯ ಬಿಳಿ ಬೆಕ್ಕು ಮೂರೇ ದಿನದಲ್ಲಿ ಕರಿ ಬೆಕ್ಕಾಗಿ, ಸಾಕಿದವಳೇ ಗುರುತು ಹಿಡಿಯದೆ ಹೊಡೆದು ಓಡಿಸಿದಳು. ಹಾಲು ಕಾಸಿದರೆ ಕೆನೆ ಕಾಡಿಗೆಯಾಗುತ್ತಿತ್ತು. ಹೆಂಗಸರು ಅದನ್ನೇ ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರು. ನೀವು ನಂಬದಿದ್ದರೂ ನನಗೇನೂ ನಷ್ಟವಿಲ್ಲ.

ಆದರೆ ಹಾಜಿರಾಬಿಗೆ ನಷ್ಟವಿತ್ತು. ಗಂಜಿ ಹಚ್ಚಿದ ಹಸಿ ನೂಲಿಗೆ ಮಸಿ ತಾಗಿದರೆ ತೊಳೆದರೂ ಹೋಗುವುದಿಲ್ಲ. ಲಾರಿಯ ಹಾರ್ನು ಕೇಳಿದೊಡನೆ ನಾನು, ಕಸ್ತೂರೆವ್ವ, ಅಕ್ಕಪಕ್ಕದ ಇಬ್ಬರು ಓಡಿ ಬಂದು ನಲವತ್ತು ಮೊಳದ ಹಾಸನ್ನು ಹೆಣ ಎತ್ತಿದಂತೆ ಎತ್ತಿ ಗೋಡೆಗೆ ಒತ್ತಿ ಹಿಡಿಯಬೇಕು. ಅದು ದಾಟಿದ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯುವಷ್ಟರಲ್ಲಿ ಇನ್ನೊಂದು. ಬರುಬರುತ್ತ ಬಿಳಿ ಹಾಸು ಕೊಡುವವರು ಕಡಿಮೆಯಾದರು. ಬೂದು ಧೋತರ ಉಟ್ಟು ಮದುವೆಗೆ ಹೋಗುವವರು ಯಾರಿದ್ದಾರೆ? ಹಾಜಿರಾಬಿ ಕೆಮ್ಮತೊಡಗಿದಳು. ಮೊದಲು ಮುಂಜಾನೆ ಕೆಮ್ಮುತ್ತಿದ್ದಳು, ಆಮೇಲೆ ಇಡೀ ದಿನ. ಒಂದು ಸಲ ಎಂಟು ದಿನ ದವಾಖಾನೆಯಲ್ಲಿ ಮಲಗಿ ಬಂದಳು.

ಡಾಕ್ಟರು ಹೇಳಿದ್ದು ಎರಡೇ ಮಾತು. ಒಂದೋ ಹೊಗೆ ಓಣಿ ಬಿಡಬೇಕು, ಇಲ್ಲವೆ ಹಾಜಿರಾಬಿ ಓಣಿ ಬಿಡಬೇಕು.

ನಜಮಾ ಎರಡು ಸಲ ಚಕ್ಕಡಿ ಕಟ್ಟಿಸಿಕೊಂಡು ಬಂದಳು. "ನಡಿ ಅಮ್ಮಾ ನಮ್ಮೂರಿಗೆ. ನಿನ್ನ ಎರಡ ರೊಟ್ಟಿ ನಮಗ ಹೆಚ್ಚ ಆಗತಾವನು?"

"ಮಗಳ ಮನ್ಯಾಗ ಕುಂತು ತಿನ್ನಾಕ ನನ್ನ ಕೈಯೇನ ಮುರದಾವೇನವಾ?" ಎಂದು ಹಾಜಿರಾಬಿ ಎರಡು ಸಲವೂ ಬರಿ ಚಕ್ಕಡಿಯನ್ನೇ ಕಳಿಸಿದಳು. ಎರಡನೆಯ ಸಲ ಮಾತ್ರ ನಜಮಾ ಖಡಾಖಂಡಿತವಾಗಿ ಹೇಳಿಹೋದಳು. ಈ ರಮಜಾನಿನ ತನಕ ನೋಡುತ್ತೇನೆ, ಲಾರಿ ನಿಲ್ಲದಿದ್ದರೆ ಗಂಡನನ್ನು ಕರಕೊಂಡು ಬಂದು ಹೊತ್ತುಕೊಂಡೇ ಹೋಗುತ್ತೇನೆ ಎಂದು.

ಅಷ್ಟರಲ್ಲಿ ನಾವು ಮೂರು ಅರ್ಜಿ ಕೊಟ್ಟಾಗಿತ್ತು. ಬರೆದವನು ನಾನೇ. ಹಾಜಿರಾಬಿ ಎದುರಿಗೆ ಕುಳಿತು ಹೇಳಿದಂತೆ, ಒಂದಕ್ಷರ ಹೆಚ್ಚಿಲ್ಲದೆ ಬರೆದಿದ್ದೆ. ಅಂಥ ಸಪ್ಪೆ ಬರವಣಿಗೆ ನನ್ನ ಕೈಯಿಂದ ಬಂತಲ್ಲ ಎಂದು ನನಗೇ ನಾಚಿಕೆ. ಅರ್ಜಿ ಹಿಡಿದು ಕಮಿಟಿಯ ಕಚೇರಿಗೆ ಅಲೆದು ನಾನು ಹದಿನಾಲ್ಕು ಜೊತೆ ಚಪ್ಪಲಿ ಸವೆಸಿದೆ.

"ಒಂದ ಜೋಡಿ," ಎನ್ನುತ್ತಾಳೆ ಕಸ್ತೂರೆವ್ವ. "ಅದೂ ಬಾರ ಹರದಿತ್ತು ಅಷ್ಟ."

ಕಚೇರಿಯಲ್ಲಿ ಉಡಚಪ್ಪ ಎಂಬ ಕಾರಕೂನ ಇದ್ದ. ಕೆಟ್ಟವನಲ್ಲ. ಬೆಂಚು ತೋರಿಸುತ್ತಿದ್ದ, ನೀರು ಕೊಡುತ್ತಿದ್ದ, ಬರುವ ಸೋಮವಾರ ಬನ್ನಿ ಎನ್ನುತ್ತಿದ್ದ. ಆ ಬೆಂಚಿನ ಮೇಲೆ ನನ್ನ ಅಚ್ಚು ಮೂಡಿದೆ, ಬೇಕಾದರೆ ಹೋಗಿ ನೋಡಿ. ಮೂರೂ ಅರ್ಜಿಗೆ ಬಂದ ಜವಾಬು ಒಂದೇ: ನಮ್ಮ ದಫ್ತರದ ಪ್ರಕಾರ ಸದರಿ ಓಣಿಯಲ್ಲಿ ದಿನಕ್ಕೆ ಇಪ್ಪತ್ತು ಲಾರಿಗಳು ಮಾತ್ರ ಹಾಯುತ್ತಿವೆ.

"ದಫ್ತರದಾಗ ಎಣಿಸಿದವ್ರು ಯಾರೋ ಮಾರಾಯಾ?" ಎಂದು ಕೇಳಿದೆ.

"ಎಣಿಸಾಕ ಯಾಕ ಬೇಕ್ರಿ ಪುಂಡಲೀಕಪ್ಪಾರ? ಠರಾವಿನ್ಯಾಗ ಇಪ್ಪತ್ತ ಅಂತ ಐತಲ್ಲ," ಎಂದ ಉಡಚಪ್ಪ. ಅವನು ಚೇಷ್ಟೆಗೆ ಹೇಳಿದ್ದಲ್ಲ. ಅದೇ ನನ್ನನ್ನು ಸುಸ್ತು ಮಾಡಿದ್ದು.

ಎಣಿಸಿದವರೇ ಇರಲಿಲ್ಲ ಎಂದಲ್ಲ. ಕೊಟ್ರಪ್ಪನವರು ಮಾತು ಕೊಟ್ಟ ಮರುದಿನದಿಂದಲೇ ಹಾಜಿರಾಬಿ ಎಣಿಸುತ್ತಿದ್ದಳು. ಅವಳಿಗೆ ಓದು ಬರಹವಿಲ್ಲ. ನೂಲು ಎಣಿಸುವಾಗ ಇಂತಿಷ್ಟಕ್ಕೊಂದು ಬಣ್ಣದ ಎಳೆ ಕಟ್ಟುವುದು ನಮ್ಮ ಓಣಿಯವರ ಪದ್ಧತಿ. ಅದನ್ನೇ ಲಾರಿಗೂ ಹಚ್ಚಿದಳು. ದಿನಕ್ಕೊಂದು ಬಿಳಿ ದಾರ, ಒಂದು ಲಾರಿಗೆ ಒಂದು ಗಂಟು, ಇಪ್ಪತ್ತು ಗಂಟಾದರೆ ಒಂದು ಕೆಂಪು ಎಳೆ. ಮಧ್ಯಾಹ್ನ ಬಾಗಿಲಲ್ಲಿ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗಲೂ ದಾರ ಮಡಿಲಲ್ಲಿ ಇರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅದನ್ನು ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕುವಳು. ಮೂರನೆಯ ಅರ್ಜಿಯ ಜೊತೆ ಅಂಥ ಒಂದು ದಾರವನ್ನೂ ಇಟ್ಟು ಕೊಟ್ಟಿದ್ದೆವು. "ನೂಲಿನ ಗಂಟಿಗೆ ಸಾಕ್ಷಿ ಅನ್ನಾಕ ಬರೂದಿಲ್ರಿ," ಎಂದು ಉಡಚಪ್ಪ ಅದನ್ನು ಮಡಚಿ ವಾಪಸು ಕೊಟ್ಟಿದ್ದ.

ರಮಜಾನಿಗೆ ಎರಡು ತಿಂಗಳಿತ್ತು. ನಾಲ್ಕನೆಯ ಅರ್ಜಿ ಬರೆಯಲು ಕುಳಿತೆ.

"ಎಷ್ಟ ಬರೀಲಿ ಹಾಜಿರಕ್ಕಾ?"

ಅವಳು ಅಂದಿನ ದಾರವನ್ನು ಕೈಗಿಟ್ಟಳು. ಎಣಿಸಿದೆ. ನೂರಾ ಒಂಬತ್ತು.

"ನೂರಾ ಒಂಬತ್ತಕ್ಕ ಯಾರ ಅಂಜತಾರ? ನೂರಾ ಒಂಬತ್ತ ಅಂದ್ರ ಒಂದ ಮದವಿ ಪಂಗತಿ ಆತು."

"ಅಂಜಸಾಕ ಅಲ್ಲೋ ತಮ್ಮಾ. ಇದ್ದದ್ದ ಬರಿ. ಇದ್ದದ್ದ ಭಾಳ ಐತಿ," ಎಂದು ಹೇಳಿ ಕೆಮ್ಮುತ್ತ ಒಳಗೆ ಹೋದಳು.

ಆ ಕೆಮ್ಮು ಕೇಳುತ್ತ ನಾನು ಬರೆದೆ. ಸತ್ಯವನ್ನು ಮೂರು ಸಲ ಕಳಿಸಿ ನೋಡಿದ್ದೆನಲ್ಲ. ಈ ಸಲ ನನ್ನ ಕೈಚಳಕ ತೋರಿಸುತ್ತೇನೆ ಎಂದು, ದಿನಕ್ಕೆ ಎರಡು ಸಾವಿರ ಲಾರಿ ಎಂದು ಬರೆದೆ. ಬರೆದದ್ದು ಅಷ್ಟು ಚಂದ ಕಂಡಿತೆಂದರೆ ಕೈ ನಿಲ್ಲಲಿಲ್ಲ. ಹೊಗೆಯಿಂದ ಓಣಿಯ ಅರ್ಧದಷ್ಟು ಜನ ಈಗಾಗಲೇ ಮರಣ ಹೊಂದಿದ್ದಾರೆ ಎಂದೂ ಸೇರಿಸಿದೆ. ಕೆಳಗೆ ಓಣಿಯ ಅರವತ್ತೊಂದು ಮನೆಯವರ ಸಹಿ, ಹೆಬ್ಬೆಟ್ಟು. ನನ್ನ ಮೇಲಿನ ಭರವಸೆಯಿಂದ ಯಾರೂ ಓದಿ ನೋಡಲಿಲ್ಲ.

ಎರಡೂವರೆ ವರ್ಷ ಅಲುಗದ ಕಮಿಟಿ ನಾಲ್ಕೇ ದಿನದಲ್ಲಿ ಅಲುಗಿತು. ಐದನೆಯ ದಿನ ಹೊತ್ತು ಹುಟ್ಟುವ ಮೊದಲೇ ಉಡಚಪ್ಪ ವಹಿ, ಪೆನ್ಸಿಲ್ಲು, ಬುತ್ತಿ ಹಿಡಿದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕುಳಿತ.

"ಕೊಟ್ರಪ್ಪ ಸಾಹೇಬರು ಖುದ್ದ ಎಣಿಸಿ ಬಾ ಅಂದಾರ್ರಿ."

ಅವನಿಗೆ ಆರು ಸಲ ಚಹಾ ತರಿಸಿದೆ. ಲೆಕ್ಕ ತಪ್ಪಿಸಲೆಂದು ನನ್ನ ಮುಲ್ಕಿ ಪರೀಕ್ಷೆಯ ಕಥೆಯನ್ನು ಪೂರ್ತಿ ಹೇಳಿದೆ. ಅವನು ಹೂಂಗುಟ್ಟುತ್ತಲೇ ಗೀಟು ಎಳೆಯುತ್ತಿದ್ದ. ಎದುರು ಕಟ್ಟೆಯ ಮೇಲೆ ಹಾಜಿರಾಬಿ ಎಂದಿನಂತೆ ಗಂಟು ಹಾಕುತ್ತಿದ್ದಳು. ಸಂಜೆ ಏಳುವಾಗ ಉಡಚಪ್ಪನ ಮುಖ ಕಪ್ಪಾಗಿತ್ತು, ಮೂಗಿನ ಕೆಳಗೆ ಎರಡು ಕರಿ ಗೆರೆ. ಪಂಚೆಯಿಂದ ಒರೆಸಿಕೊಂಡು, ಪಂಚೆ ನೋಡಿ, ವಹಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ಮರುದಿನ ಬುಧವಾರ, ಮಧ್ಯಾಹ್ನ ಕಮಿಟಿಯ ಸಭೆ. ನಮ್ಮ ಓಣಿಗೆ ಓಣಿಯೇ ಹೋಗಿ ಹಿಂದಿನ ಬೆಂಚುಗಳ ಮೇಲೆ ಕುಳಿತಿತು. ಕೊಟ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ನನ್ನ ಅರ್ಜಿಯನ್ನು ನಾಟಕದ ಪಾರ್ಟಿನಂತೆ ರಾಗವಾಗಿ ಓದಿದರು.

"'ಓಣಿಯ ಅರ್ಧದಷ್ಟು ಜನ ಮರಣ ಹೊಂದಿದ್ದಾರೆ.' ಹೌದಾ? ಕೆಳಗ ಅರವತ್ತೊಂದೂ ಮನಿಯವ್ರ ಸಹಿ ಅದಾವು. ಸತ್ತವ್ರು ಎದ್ದ ಬಂದು ಸಹಿ ಮಾಡ್ಯಾರೇನ್ರಿ ಪುಂಡಲೀಕಪ್ಪಾರ?"

ಸಭೆ ನಕ್ಕಿತು. ನಮ್ಮ ಓಣಿಯವರೂ ನಕ್ಕರು. ಕಸ್ತೂರೆವ್ವ ಮಾತ್ರ ನನ್ನನ್ನು ನೋಡಿದ ರೀತಿಗೆ ನಾನು ಅರ್ಜಿಯಲ್ಲಿದ್ದ ಸತ್ತವರ ಜೊತೆ ಸೇರಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಎರಡ ಸಾವಿರ ಲಾರಿ! ನಮ್ಮ ನಾಲ್ಕ ತಾಲೂಕಿನ್ಯಾಗ ಅಷ್ಟ ಲಾರಿ ಅದಾವೇನ್ರಿ? ಉಡಚಪ್ಪ, ನೀ ಎಣಿಸಿದ್ದ ಓದೋ."

"ಹೊತ್ತು ಹುಟ್ಟಿ ಮುಳುಗೂ ತನಕ, ನೂರಾ ಹದಿಮೂರು, ಸಾಹೇಬರ."

"ಕೇಳಿದ್ರ್ಯಾ? ಎಲ್ಲಿ ಎರಡ ಸಾವಿರ, ಎಲ್ಲಿ ನೂರಾ ಹದಿಮೂರು! ಬರಕೋ, ಬರಕೋ. ಅರ್ಜಿ ಶುದ್ಧ ಸುಳ್ಳು, ಖರೆ ಲೆಕ್ಕ ನೂರಾ ಹದಿಮೂರು. ಕಮಿಟಿ ತಾನ ಖುದ್ದ ಎಣಿಸಿ ಖಾತ್ರಿ ಮಾಡೇತಿ. ಶಾಯಿಲೆ ಬರಿ."

ಉಡಚಪ್ಪ ಶಾಯಿಯಲ್ಲಿ ಬರೆದ. ನಾನು ತಲೆ ಎತ್ತಲಿಲ್ಲ. ಹಾಜಿರಾಬಿ ರಮಜಾನಿಗೆ ಚಕ್ಕಡಿ ಹತ್ತುವುದು ನನ್ನ ಕಣ್ಣ ಮುಂದೆ ಬಂತು. ಇದ್ದದ್ದನ್ನು ಬರಿ ಎಂದಿದ್ದಳು.

ಅಷ್ಟರಲ್ಲಿ ಅವಳೇ ಎದ್ದು ನಿಂತಳು. ಕಂಕುಳಲ್ಲಿ ಬಿಸ್ಕೀಟಿನ ಡಬ್ಬಿ. ಕೆಮ್ಮು ನಿಲ್ಲುವ ತನಕ ಬೆಂಚು ಹಿಡಿದು ನಿಂತು, ಆಮೇಲೆ ಕೇಳಿದಳು:

"ಬರದದ್ದು ಆತೇನ್ರಿ ಕಾರಕೂನರ?"

"ಆತಬೇ."

"ಇನ್ನ ಅಳಸಾಕ ಬರೂದಿಲ್ಲಲ್ಲಾ?"

"ಶಾಯಿಲೆ ಬರದದ್ದು ಹೆಂಗ ಅಳಸಾಕ ಬರ್ತೈತಿ?"

ಅವಳು ಡಬ್ಬಿ ತೆರೆದು ಮೇಲಿನ ದಾರವನ್ನು ತೆಗೆದು ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. "ಇದು ನೀವು ಎಣಿಸಿದ ದಿನದ್ದು. ನಂದರಾಗ ನೂರಾ ಹದಿನಾಲ್ಕ ಅದಾವು. ನಿಮ್ಮದರಾಗ ಒಂದ ಕಮ್ಮಿ."

ಕೊಟ್ರಪ್ಪನವರು ನಕ್ಕರು. "ನೋಡ್ರಿ, ಈಕಿನೂ ಒಂದ ಸೇರಿಸ್ಯಾಳ. ಆ ಓಣಿ ನೀರಿನ ಗುಣ ಇರಬೇಕು."

ಉಡಚಪ್ಪ ಪೆನ್ನು ಕೆಳಗಿಟ್ಟ. "ಇಲ್ರಿ ಸಾಹೇಬರ... ಮಧ್ಯಾಹ್ನದಾಗ ನಾ ಒಂದ ಸಲ ಪುಂಡಲೀಕಪ್ಪಾರ ಹಿತ್ತಲಕ್ಕ ಹೋಗಿದ್ನಿ. ಆರು ಕಪ್ ಚಹಾ ಆಗಿತ್ತರಿ. ಆವಾಗೊಂದ ಹೋದ ಸಪ್ಪಳ ಕೇಳಿತ್ತು."

ಈ ಸಲ ಸಭೆ ನಗಲಿಲ್ಲ. ಮೇಜಿನ ಆಚೆಯ ಒಬ್ಬ ಸದಸ್ಯರು ಬಗ್ಗಿ ದಾರದ ಗಂಟುಗಳನ್ನು ಬೆರಳಲ್ಲಿ ಮುಟ್ಟಿ ಎಣಿಸತೊಡಗಿದರು.

"ಇಪ್ಪತ್ತಕ್ಕೊಂದ ಕೆಂಪು ಎಳಿ ಹಾಕೀನ್ರಿ," ಎಂದಳು ಹಾಜಿರಾಬಿ. "ಮೊದಲನೇ ಕೆಂಪು ಎಳಿ ತನಕ ನಿಮ್ಮ ಠರಾವು. ಅದರ ಮುಂದಿನವು ಯಾರವು ಅಂತ ನೀವ ಹೇಳಬೇಕು. ಡಬ್ಬ್ಯಾಗ ಎಲ್ಲಾ ದಿನದ್ದೂ ಅದಾವು. ನಡುವ ಒಂದ ಎಂಟ ದಿನದ್ದು ಇಲ್ಲ. ಆವಾಗ ನಾ ದವಾಖಾನ್ಯಾಗ ಇದ್ನಿ. ಅವನ್ನ ನಾ ಕಂಡಿಲ್ಲ, ಹೇಳಂಗಿಲ್ಲ."

"ಆದ್ರ ನೋಡಬೇ..." ಎಂದು ಕೊಟ್ರಪ್ಪನವರು ಶುರುಮಾಡಿದರು.

"ನಾ ಜಗಳಕ್ಕ ಬಂದಿಲ್ರಿ ಅಣ್ಣಾರ. ಪುಂಡಲೀಕನ ಅಂಗಡಿ ಮೆಟ್ಟಲಾ ಮ್ಯಾಲ ನಿಂತು ನೀವ ಅಂದಿದ್ರಿ, ಇಪ್ಪತ್ತೊಂದನೇದು ಬಂದ್ರ ಚುಂಗ ಹಿಡೀರಿ ಅಂತ. ಇಷ್ಟ ದಿನ ಇಪ್ಪತ್ತೊಂದ ಹೋಗಿದ್ದ ಇಲ್ಲ ಅಂದ್ರಿ. ಈಗ ಶಾಯಿಲೆ ಬರಸೀರಿ. ಅದಕ್ಕ ಹಿಡಿಯಾಕ ಬಂದೀನಿ." ಸ್ವಲ್ಪ ಉಸಿರು ತಗೊಂಡು ಅಂದಳು: "ಭಾಳ ಚಲೋ ಹಾಸಿನ ಧೋತರ ಐತಿ ನಿಮ್ಮದು. ಮೂರ ವರ್ಷದ ಹಿಂದಿಂದು. ಆ ನೂಲಿಗೆ ಗಂಜಿ ಹಚ್ಚಿದ ಕೈ ನಂದ."

ಅವಳು ಚುಂಗು ಹಿಡಿಯಲಿಲ್ಲ. ಕೊಟ್ರಪ್ಪನವರು ಮಾತ್ರ ತಮ್ಮ ಚುಂಗನ್ನು ತಾವೇ ಹಿಡಿದುಕೊಂಡು, ಬೆರಳಲ್ಲಿ ನೇವರಿಸುತ್ತ ಕುಳಿತರು.

ಇಲ್ಲಿಗೆ ಕಥೆ ಮುಗಿಸಿ, ಮರುದಿನದಿಂದ ಒಂದು ಲಾರಿಯೂ ಬರಲಿಲ್ಲ, ಕೊಟ್ರಪ್ಪನವರು ನನ್ನ ಕಾಲಿಗೆ ಬಿದ್ದರು ಎಂದು ನಾನು ಸಾವಿರ ಸಲ ಹೇಳಿದ್ದೇನೆ. ಹಾಗೇನೂ ಆಗಲಿಲ್ಲ. ಸುಳ್ಳು ಅರ್ಜಿ ಬರೆದದ್ದಕ್ಕೆ ನನ್ನಿಂದ ಸಭೆಯಲ್ಲಿ ಎದ್ದು ನಿಂತು ತಪ್ಪಾಯಿತು ಎನ್ನಿಸಿದರು, ಅಂದೆ. ಆಮೇಲೆ ಸದಸ್ಯರು ಒಂದು ತಾಸು ಗುದ್ದಾಡಿ ಹೊಸ ಠರಾವು ಮಾಡಿದರು. ಮುಂಜಾನೆ ಹನ್ನೊಂದರ ತನಕ ಹಾಸಿನ ಓಣಿಗೆ ಲಾರಿ ಬಂದ್, ಆಮೇಲೆ ಇಪ್ಪತ್ತೇ, ಆರು ತಿಂಗಳಲ್ಲಿ ಪೂಲಿನ ದುರಸ್ತಿ. ಪೂಲಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಓಣಿಯ ಬಾಯಿಗೆ ಒಂದು ಫಲಕ ನೆಟ್ಟರು. ಅದನ್ನು ಓದಬಲ್ಲ ಡ್ರೈವರುಗಳು ನಿಂತರು, ಓದಲು ಬಾರದವರು ಬಂದರು, ಓದಿಯೂ ಬರುವವರು ಬಂದರು.

ರಮಜಾನಿಗೆ ನಜಮಾ ಬಂದಳು, ಚಕ್ಕಡಿಯೂ ಬಂತು. ಮುಂಜಾನೆ ಎಂಟರ ಹೊತ್ತು. ಓಣಿಯ ಉದ್ದಕ್ಕೂ ಬಿಳಿ ಹಾಸು ಬಿಗಿದಿತ್ತು. ಅವಳ ತಾಯಿ ಆ ತುದಿಯಿಂದ ಈ ತುದಿಗೆ ಕುಂಚ ಎಳೆಯುತ್ತಿದ್ದಳು. ಎರಡು ಸಲ ಎಳೆದು ಒಂದು ಸಲ ಕೂರುತ್ತಿದ್ದಳು. ಎದೆ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಜಮಾ ಒಂದು ಗಳಿಗೆ ನಿಂತು ನೋಡಿ, ಸೆರಗು ಸಿಕ್ಕಿಸಿ ಇನ್ನೊಂದು ಕುಂಚ ಹಿಡಿದಳು. ಎತ್ತುಗಳನ್ನು ನನ್ನ ಅಂಗಡಿಯ ಮುಂದೆ ಬಿಚ್ಚಿದರು. ಸಂಜೆ ಚಕ್ಕಡಿ ಬರಿದಾಗಿಯೇ ಹೋಯಿತು, ನಜಮಾ ಹಬ್ಬ ಮುಗಿಯುವ ತನಕ ಉಳಿದಳು.

ಹಾಜಿರಾಬಿ ದಾರ ಬಿಡಲಿಲ್ಲ. ಈಗ ಹನ್ನೊಂದರ ಒಳಗೆ ಬಂದ ಲಾರಿಗಷ್ಟೇ ಗಂಟು. ಹಬ್ಬ ಮುಗಿದ ಸೋಮವಾರ ಹಿಂದಿನ ವಾರದ ದಾರವನ್ನು ನನ್ನ ಕೈಗಿಟ್ಟಳು.

"ಒಯ್ದ ಕೊಟ್ಟ ಬಾ ತಮ್ಮಾ. ನಿನ್ನ ಕಡಿಂದ ಏನೂ ಕೂಡಸಬ್ಯಾಡ."

ಕಸ್ತೂರೆವ್ವ ಬಾಗಿಲಿಂದಲೇ ಕೂಗಿದಳು: "ಬಾಯಿ ತೆರಿದೀರಿ ಅಂದ್ರ ನೋಡ್ರಿ!"

ಬಿಸಿಲಲ್ಲಿ ನಡೆದು ಕಚೇರಿಗೆ ಹೋದೆ. ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿತ್ತು. ಉಡಚಪ್ಪ ಬೆಂಚು ತೋರಿಸಿ, ನೀರು ಕೊಟ್ಟ.

"ಏನ್ರಿ ಪುಂಡಲೀಕಪ್ಪಾರ, ಎಷ್ಟ ಬಂದ್ವು?"

ಎಪ್ಪತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ನೀರು ಕುಡಿದು ನುಂಗಿದೆ.

"ಏಳು."

ಅವನು ನಕ್ಕ. "ನೀವು ಏಳ ಅಂದೀರಿ ಅಂದ್ರ ಖರೆ ಒಂದ ಇರಬೇಕು."

ನಾನು ದಾರವನ್ನು ಅವನ ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಬೆಂಚಿನಲ್ಲಿ ನನ್ನ ಜಾಗದಲ್ಲಿ ಕುಳಿತೆ. ಅವನು ವಹಿ ತೆರೆದು, ಶಾಯಿಯ ಬಾಟಲಿ ಬಿಚ್ಚಿ, ಬೆರಳಿಟ್ಟು ಮೊದಲ ಗಂಟಿನಿಂದ ಎಣಿಸಲು ಶುರುಮಾಡಿದ.